ಹೊರಗೆ ಸ್ನೋ, ಒಳಗೆ ಬೆಕ್ಕು: ಹಿಮ ಬಿದ್ದ ದಿನ ಏನು ಮಾಡಬೇಕು, ಏನು ಬೇಡ

ನಮ್ಮ ಮನೆಯಲ್ಲಿ ಎರಡು ಬೆಕ್ಕು. ಗುಂಡ ಬೂದು ಪಟ್ಟೆಯವನು, ಆರು ಕೆಜಿ. ಸಾಸಿವೆ ಕಪ್ಪಗೆ, ಸಣ್ಣಗೆ, ಮೂರೂವರೆ ಕೆಜಿ ದಾಟಿಲ್ಲ. ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ಇಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 50 ಇಂಚು ಸ್ನೋ ಬೀಳುತ್ತದೆ. 1991ರ ಹ್ಯಾಲೋವೀನ್ ಹೊತ್ತಿಗೆ ಬಂದ ಒಂದೇ ಬಿರುಗಾಳಿಗೆ 28.4 ಇಂಚು ಬಿದ್ದಿತ್ತು. ಅದನ್ನು ಇಲ್ಲಿನ ಹಳಬರು ಇವತ್ತಿಗೂ ಹೇಳುತ್ತಾರೆ.

ವರ್ಷದ ಮೊದಲ ಸ್ನೋ ಬಿದ್ದ ಬೆಳಿಗ್ಗೆ ಇಬ್ಬರಿಗೂ ಹಾರ್ನೆಸ್ (ಹಗ್ಗ ಕಟ್ಟಲು ಮೈಗೆ ಹಾಕುವ ಪಟ್ಟಿ) ಹಾಕಿ, ಡೆಕ್ (ಹಿತ್ತಲ ಕಡೆಯ ಮರದ ಜಗುಲಿ) ಕಡೆಯ ಗಾಜಿನ ಬಾಗಿಲನ್ನು ಒಂದು ಗೇಣು ಸರಿಸುತ್ತೇನೆ. ಗುಂಡ ಬಂದು ಮೂಸುತ್ತಾನೆ. ಮುಂಗಾಲು ಎತ್ತಿ ಹಿಮದ ಮೇಲೆ ಇಡುತ್ತಾನೆ. ತಕ್ಷಣ ಹಿಂದಕ್ಕೆ ಎಳೆದುಕೊಂಡು, ನೀರು ಮುಟ್ಟಿದವನ ಹಾಗೆ ಪಟಪಟ ಕೊಡವುತ್ತಾನೆ. ಆಮೇಲೆ ನನ್ನ ಮುಖ ನೋಡುತ್ತಾನೆ. ಹತ್ತೇ ಸೆಕೆಂಡು, ಮತ್ತೆ ಹೀಟರಿನ ಬಿಸಿ ಗಾಳಿ ಬರುವ ವೆಂಟ್ ಮೇಲೆ ಹೋಗಿ ಕೂರುತ್ತಾನೆ. ಸಾಸಿವೆ ಹಾಗಲ್ಲ. ಅವಳು ಒಂದು ಕ್ಷಣ ನಿಂತು, ನೇರ ಹೊಟ್ಟೆ ಮುಳುಗುವಷ್ಟು ಹಿಮಕ್ಕೆ ಹಾರುತ್ತಾಳೆ. ಮೀಸೆ ತುಂಬ ಬಿಳಿ ಹರಳು ಅಂಟಿಸಿಕೊಂಡು ಮೊಲದ ಹಾಗೆ ನೆಗೆಯುತ್ತಾಳೆ.

ಒಂದೇ ಮನೆ, ಒಂದೇ ಹಿಮ, ಎರಡು ಬೇರೆ ಬೇರೆ ಬೆಕ್ಕು. ಬೆಂಗಳೂರಿಂದಲೋ ಮೈಸೂರಿಂದಲೋ ಚಳಿ ದೇಶಕ್ಕೆ ಹೊಸದಾಗಿ ಬಂದು ಬೆಕ್ಕು ಸಾಕಿಕೊಂಡವರು, ಊರಿಂದಲೇ ಬೆಕ್ಕನ್ನು ಕರೆದುಕೊಂಡು ಬಂದವರು ನನ್ನನ್ನು ಕೇಳುತ್ತಿರುತ್ತಾರೆ, 'ಸ್ನೋದಲ್ಲಿ ಬಿಡಬಹುದಾ?' ಅಂತ. ನನ್ನ ಉತ್ತರ ಯಾವಾಗಲೂ ಒಂದೇ. ಬೆಕ್ಕನ್ನು ಹಿಮದ ಹತ್ತಿರ ಒಯ್ಯಬೇಡಿ. ಹಿಮವನ್ನು ಬೆಕ್ಕಿನ ಹತ್ತಿರ ತನ್ನಿ. ಮಿಕ್ಕಿದ್ದನ್ನು ಅದೇ ತೀರ್ಮಾನ ಮಾಡುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಗುಂಡ ಬಂದ ಮೊದಲ ಚಳಿಗಾಲ, ಅಮ್ಮನಿಗೆ ಫೋಟೋ ಕಳಿಸಬೇಕು ಅಂತ ಅವನನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಹಿಮದ ಮಧ್ಯೆ ಇಳಿಸಿದೆ. ಕಾಲ ಕೆಳಗೆ ನೆಲವೇ ಸಿಗಲಿಲ್ಲ ಅವನಿಗೆ. ಗಾಬರಿಯಲ್ಲಿ ನನ್ನ ಮುಂಗೈ ಪರಚಿ, ಡೆಕ್ ಅಡಿಗೆ ನುಗ್ಗಿ ಕೂತ. ಟ್ಯೂನಾ ಡಬ್ಬಿ ತೆರೆದಿಟ್ಟು, ಮೊಣಕಾಲೂರಿ ಕರೆದು ಕರೆದು, ಅವನು ಹೊರಗೆ ಬರಲು ನಲವತ್ತು ನಿಮಿಷ ಬೇಕಾಯಿತು. ಫೋನಿನಲ್ಲಿ ಅಮ್ಮ ಬೈದರು: 'ನಿಂಗೆ ಬುದ್ಧಿ ಇದ್ಯೇನೇ? ಒಲೆ ಬುಡ ಬಿಟ್ಟು ಏಳದ ಪ್ರಾಣಿ ಅದು!' ತೆನಾಲಿ ರಾಮಕೃಷ್ಣನ ಬೆಕ್ಕು ಗೊತ್ತಲ್ಲ, ಒಂದು ಸಲ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಗುಂಡನೂ ಹಾಗೇ ಆದ. ಮುಂದಿನ ಬೇಸಿಗೆವರೆಗೂ ಆ ಬಾಗಿಲ ಹತ್ತಿರ ಸುಳಿಯಲಿಲ್ಲ.

ಬೆಕ್ಕಿಗೆ ಹಿಮ ಅಂದರೆ ಏನು

ಅಮ್ಮ ಹೇಳಿದ್ದರಲ್ಲಿ ವಿಜ್ಞಾನವೂ ಇದೆ. ಮನೆ ಬೆಕ್ಕಿನ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಒಣ ನೆಲದ, ಬಿಸಿಲಿನ ಪ್ರಾಣಿ. ಬೆಕ್ಕಿನ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಗಾಳಿ 30 ಡಿಗ್ರಿಗಿಂತ ಮೇಲಿದ್ದರೆ ಮಾತ್ರ ಅದಕ್ಕೆ ಮೈ ಬೆಚ್ಚಗಿಟ್ಟುಕೊಳ್ಳಲು ಹೆಚ್ಚಿನ ಶ್ರಮ ಬೇಕಾಗುವುದಿಲ್ಲ. ನಾವು ಥರ್ಮೋಸ್ಟಾಟ್ 20ಕ್ಕೋ 21ಕ್ಕೋ ಇಟ್ಟು 'ಮನೆ ಬೆಚ್ಚಗಿದೆ' ಅಂದುಕೊಳ್ಳುತ್ತೇವೆ. ಬೆಕ್ಕಿಗೆ ಅದೂ ತಂಪೇ. ಅದಕ್ಕೇ ಅದು ವೆಂಟ್ ಮೇಲೆ, ಲ್ಯಾಪ್‌ಟಾಪ್ ಮೇಲೆ, ಈಗಷ್ಟೇ ಡ್ರೈಯರಿನಿಂದ ತೆಗೆದ ಬಟ್ಟೆ ಮೇಲೆ ಹೋಗಿ ಕೂರುವುದು. ನಮ್ಮೂರು ಸಾಗರದ ಕಡೆ. ಅಲ್ಲಿ ಬಚ್ಚಲ ಒಲೆಯ ಬೂದಿಯಲ್ಲಿ ಬೆಕ್ಕು ಸುರುಟಿಕೊಂಡು ಮಲಗುತ್ತಿತ್ತು. ಬೆಳಿಗ್ಗೆ ಎದ್ದು ಮೈ ಕೊಡವಿದರೆ ಬಚ್ಚಲೆಲ್ಲ ಬೂದಿ.

ಚಳಿ ಒಂದು ಕಡೆ. ಸದ್ದು ಇನ್ನೊಂದು. ಹೊಸದಾಗಿ ಬಿದ್ದ ಹಿಮದ ಹರಳುಗಳ ನಡುವೆ ಗಾಳಿ ತುಂಬಿರುತ್ತದೆ. ಅದು ಸದ್ದನ್ನು ಹೀರಿಕೊಳ್ಳುತ್ತದೆ. ನಮಗೇ ಊರು ಬಾಯಿ ಮುಚ್ಚಿದ ಹಾಗೆ ಅನ್ನಿಸುತ್ತದೆ. ನಮ್ಮ ಕಿವಿ ಸುಮಾರು 20,000 ಹರ್ಟ್ಜ್‌ವರೆಗೆ ಕೇಳಿದರೆ ಬೆಕ್ಕಿನದು 60,000 ಹರ್ಟ್ಜ್‌ವರೆಗೂ ಮುಟ್ಟುತ್ತದೆ. ದಿನವೂ ಕೇಳುವ ಸಣ್ಣ ಸಣ್ಣ ಸದ್ದುಗಳು ಒಂದೇ ರಾತ್ರಿಯಲ್ಲಿ ಮಾಯವಾದರೆ ಅದಕ್ಕೆ ಗೊತ್ತಾಗದೆ ಇರುತ್ತದೆಯೇ?

ಮೂರನೆಯದು ವಾಸನೆ. ಬೆಕ್ಕು ಕೆನ್ನೆ ಉಜ್ಜಿ, ಉಗುರು ಕೆರೆದು ಅಲ್ಲಲ್ಲಿ ಗುರುತು ಇಟ್ಟಿರುತ್ತದೆ. ಅದರ ಮಟ್ಟಿಗೆ ಅದೇ ಮನೆ ವಿಳಾಸ. ಹಿಮ ಅದನ್ನೆಲ್ಲ ಮುಚ್ಚಿಬಿಡುತ್ತದೆ. ದಿನಾ ಓಡಾಡುವ ಹಿತ್ತಲೇ ಅಪರಿಚಿತವಾಗುತ್ತದೆ. ಹಿಮದಲ್ಲಿ ಓಡಿಹೋದ ಬೆಕ್ಕು ದಾರಿ ತಪ್ಪುವುದಕ್ಕೆ ಇದೂ ಒಂದು ಕಾರಣ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾರ್ವೇಜಿಯನ್ ಫಾರೆಸ್ಟ್, ಸೈಬೀರಿಯನ್, ಮೇನ್ ಕೂನ್ ತಳಿಗಳಿಗೆ ದಪ್ಪ ಕೂದಲಿರುತ್ತದೆ, ಬೆರಳುಗಳ ನಡುವೆಯೂ ಕುಚ್ಚು ಇರುತ್ತದೆ. ಅವಕ್ಕೆ ಹಿಮ ಅಷ್ಟು ಕಷ್ಟವಲ್ಲ. ಮಿಕ್ಕ ಬೆಕ್ಕುಗಳಿಗೆ, ಅದರಲ್ಲೂ ಮರಿ, ಮುದಿ, ಕಾಯಿಲೆಯ ಬೆಕ್ಕುಗಳಿಗೆ, ಕಿಟಕಿಯೊಳಗಿನಿಂದ ನೋಡುವ ಹಿಮವೇ ಸಾಕು.

ಹಿಂದಿನ ರಾತ್ರಿ

ನಾಳೆ ಭಾರೀ ಸ್ನೋ ಇದೆ ಅಂತ ಸುದ್ದಿ ಬಂದ ಸಂಜೆಯೇ ಕೆಲಸ ಶುರು ಮಾಡಿ.

ಬೆಚ್ಚಗಿನ ಜಾಗ ಎರಡಾದರೂ ಇರಲಿ. ದುಬಾರಿ ಹಾಸಿಗೆ ಬೇಡ. ರಟ್ಟಿನ ಡಬ್ಬ, ಒಳಗೆ ಹಳೆ ಉಣ್ಣೆ ಶಾಲು, ಅಷ್ಟು ಸಾಕು. ನೆಲದಿಂದ ಸ್ವಲ್ಪ ಎತ್ತರದಲ್ಲಿಡಿ. ಗಾಳಿ ನುಗ್ಗುವ ಬಾಗಿಲ ಹತ್ತಿರ ಇಡಬೇಡಿ. ಎರಡು ಬೆಕ್ಕಿದ್ದರೆ ಎರಡು ಡಬ್ಬ ಬೇಕೇ ಬೇಕು. ಒಂದೇ ಇಟ್ಟರೆ ಜಗಳ ಗ್ಯಾರಂಟಿ.

ಲಿಟರ್ ಬಾಕ್ಸ್, ಅಂದರೆ ಬೆಕ್ಕಿನ ಕಕ್ಕಸಿನ ಡಬ್ಬ, ಗರಾಜಿನಲ್ಲಿದ್ದರೆ ಒಳಗೆ ತನ್ನಿ. ತಣ್ಣಗಿನ ಗರಾಜಿಗೆ ಹೋಗಲು ಬೇಜಾರಾಗಿ ಬೆಕ್ಕು ಕಟ್ಟಿಕೊಂಡು ಕೂರುತ್ತದೆ, ಇಲ್ಲವೇ ನಿಮ್ಮ ಕಾರ್ಪೆಟ್ ಮೇಲೆ ಮಾಡುತ್ತದೆ. ಹೊರಗೆ ಹೋಗಿ ಮಣ್ಣು ಕೆದರಿ ಅಭ್ಯಾಸ ಇರುವ ಬೆಕ್ಕಿಗೂ ಹಿಮದ ದಿನ ಒಳಗೊಂದು ಬಾಕ್ಸ್ ಬೇಕು.

ಬೆಕ್ಕಿನ ಚರ್ಮದಡಿ ಹಾಕಿಸುವ ಗುರುತಿನ ಮೈಕ್ರೋಚಿಪ್ ಇದೆಯಾ, ಅದರ ಜೊತೆ ನೋಂದಾಯಿಸಿದ ನಿಮ್ಮ ಫೋನ್ ನಂಬರ್ ಈಗಲೂ ಅದೇನಾ? ಮನೆ ಬದಲಾಯಿಸಿದವರು ಇದನ್ನು ಮರೆತೇ ಬಿಡುತ್ತಾರೆ. ಐದು ನಿಮಿಷದ ಕೆಲಸ, ಅವತ್ತೇ ನೋಡಿ.

ಇನ್ನೊಂದು ವಿಷಯ ಬೆಕ್ಕಿಗೂ ನಿಮಗೂ ಸೇರಿದ್ದು. ಎಷ್ಟೋ ಮನೆಗಳಲ್ಲಿ ಮನೆ ಬಿಸಿ ಮಾಡುವ ಫರ್ನೇಸಿನ ಹೊಗೆ ಹೊರಗೆ ಹೋಗುವ ಪೈಪು ಪಕ್ಕದ ಗೋಡೆಯಲ್ಲಿ, ನೆಲಕ್ಕೆ ಹತ್ತಿರವೇ ಇರುತ್ತದೆ. ಹಿಮ ಗುಡ್ಡೆಯಾಗಿ ಅದು ಮುಚ್ಚಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಗೆ ತುಂಬಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆ ಪೈಪು ಎಲ್ಲಿದೆ ಅಂತ ಹಗಲು ಹೊತ್ತಲ್ಲೇ ನೋಡಿಕೊಳ್ಳಿ. ಆ ಅನಿಲವನ್ನು ಪತ್ತೆ ಮಾಡುವ ಅಲಾರಂನ ಬ್ಯಾಟರಿಯನ್ನೂ ಒಮ್ಮೆ ಪರೀಕ್ಷಿಸಿ.

ಬೆಳಿಗ್ಗೆ: ಮೊದಲು ಕಿಟಕಿ

ಕರ್ಟನ್ ಸರಿಸಿ, ಬೆಕ್ಕಿಗೆ ಕೂರಲು ಜಾಗ ಮಾಡಿ ಕೊಡಿ. ಗಾಜು ಐಸಿನಂತಿರುತ್ತದೆ, ಕಿಟಕಿ ಕಟ್ಟೆಗೆ ಒಂದು ದಪ್ಪ ಟವೆಲ್ ಹಾಸಿ. ಆಮೇಲೆ ನೀವು ಸುಮ್ನೆ ಪಕ್ಕದಲ್ಲಿ ಕಾಫಿ ಹಿಡಿದು ಕೂತು ನೋಡಿ. ಇದು ತುಂಬಾ ಮುಖ್ಯವಾದ ಕೆಲಸ.

ಬೀಳುವ ಹಿಮದ ಎಸಳುಗಳ ಹಿಂದೆ ಬೆಕ್ಕಿನ ತಲೆ ಮೇಲಿಂದ ಕೆಳಗೆ ಓಡಾಡುತ್ತದೆ. ಕೆಲವು ಗಾಜಿಗೆ ಪಂಜ ಹೊಡೆಯುತ್ತವೆ. ಕಾಳು ತಿನ್ನಲು ಹಕ್ಕಿ ಬಂದರೆ ಗದ್ದ ನಡುಗಿಸಿ 'ಕಟಕಟ' ಸದ್ದು ಮಾಡುತ್ತವೆ. ಇಲ್ಲಿ ಚಳಿಗಾಲದಲ್ಲೂ ಕೆಂಪು ಕಾರ್ಡಿನಲ್, ಚಿಕಡೀ ಹಕ್ಕಿಗಳು ಇರುತ್ತವೆ. ಬಿಳಿ ಹಿನ್ನೆಲೆಯಲ್ಲಿ ಅವು ಇನ್ನೂ ಎದ್ದು ಕಾಣುತ್ತವೆ. ಗುಂಡನಿಗೆ ಅದೇ ಟಿವಿ.

ಈಗ ಮೈ ಭಾಷೆ ನೋಡಿ. ಕಿವಿ ಮುಂದಕ್ಕೆ, ಮೀಸೆ ಮುಂದಕ್ಕೆ, ಬಾಲದ ತುದಿ ಮಾತ್ರ ಅಲ್ಲಾಡುತ್ತಿದೆ ಅಂದರೆ ಕುತೂಹಲ. ಕಿವಿ ಪಕ್ಕಕ್ಕೆ ಚಪ್ಪಟೆಯಾಗಿ, ಮೈ ನೆಲಕ್ಕೆ ಅಂಟಿ, ಕಣ್ಣಿನ ಪಾಪೆ ಅರಳಿ, ಬಾಲ ಮೈಗೆ ಸುತ್ತಿಕೊಂಡಿದ್ದರೆ ಹೆದರಿಕೆ. ಹೆದರಿದ ಬೆಕ್ಕನ್ನು 'ಬಾ ಬಾ ನೋಡು' ಅಂತ ಎಳೆದು ತರಬೇಡಿ. ಅದು ಮಂಚದ ಕೆಳಗೆ ಹೋದರೆ ಹೋಗಲಿ. ಸೂರಿಂದ ಹಿಮದ ರಾಶಿ ದೊಪ್ಪನೆ ಜಾರಿ ಬೀಳುವ ಸದ್ದು, ಸ್ನೋ ಬ್ಲೋವರ್‌ನ ಗದ್ದಲ, ರಸ್ತೆ ಕೆರೆಯುತ್ತಾ ಹೋಗುವ ಪ್ಲೋ ಗಾಡಿ, ಇವೆಲ್ಲ ಅವತ್ತೇ ಇರುತ್ತವೆ. ಒಂದು ರೂಮಿನ ಬಾಗಿಲು ಅರ್ಧ ಮುಚ್ಚಿ, ಒಳಗೆ ನೀರು, ಡಬ್ಬ, ಲಿಟರ್ ಬಾಕ್ಸ್ ಇಟ್ಟು ಅದನ್ನು ಅದರ ಪಾಡಿಗೆ ಬಿಡಿ.

ಕಿಟಕಿ ಹೊರಗೆ ಬೇರೆ ಬೆಕ್ಕು ಬಂದರೆ ಜೋಪಾನ. ಹೊರಗಿನದಕ್ಕೆ ಏನೂ ಮಾಡಲಾಗದ ಸಿಟ್ಟನ್ನು ಒಳಗಿನವರು ಒಬ್ಬರ ಮೇಲೊಬ್ಬರು ತೀರಿಸಿಕೊಳ್ಳುತ್ತಾರೆ. ನಡುವೆ ಕೈ ಹಾಕಬೇಡಿ. ಕರ್ಟನ್ ಎಳೆದು, ದಿಂಬನ್ನೋ ರಟ್ಟನ್ನೋ ಅಡ್ಡ ಹಿಡಿದು, ಬೇರೆ ಬೇರೆ ರೂಮಿಗೆ ಮಾಡಿ. ಕೆಲವು ಗಂಟೆ ಬೇಕಾದರೂ ಆಗಲಿ, ಅವಸರ ಬೇಡ.

ಹಿಮವನ್ನು ಒಳಗೆ ತರುವುದು

ನನಗೆ ತುಂಬಾ ಇಷ್ಟದ ಭಾಗ ಇದು. ಮಕ್ಕಳಿದ್ದರೆ ಅವರಿಗೂ ಇಷ್ಟ. ಶಾಲೆಗೂ ಅವತ್ತು ರಜೆ ಇರುತ್ತದೆ.

ಅಗಲವಾದ ಬೇಕಿಂಗ್ ಟ್ರೇ ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿದ ಮೇಲೆ ಹಾಕುವ ದೊಡ್ಡ ಸ್ಟೀಲ್ ಪಾತ್ರೆಯನ್ನು ಒಮ್ಮೆ ಇಟ್ಟೆ. ಅದರ ಅಂಚು ಎತ್ತರವಾಗಿ ಗುಂಡ ಇಣುಕಲೂ ಇಲ್ಲ. ಅಂಚು ಎರಡು ಬೆರಳಿಗಿಂತ ಎತ್ತರ ಇರಬಾರದು. ಹಿಮವನ್ನು ಹಿತ್ತಲಿನ ಮಧ್ಯದಿಂದ, ಮೇಲ್ಪದರದಿಂದ ತನ್ನಿ. ರಸ್ತೆ ಬದಿ, ಡ್ರೈವ್‌ವೇ, ನಡೆಯುವ ದಾರಿಯ ಹಿಮ ಬೇಡವೇ ಬೇಡ. ಅಲ್ಲಿ ಉಪ್ಪೂ ಇರುತ್ತದೆ, ಕಾರಿನಿಂದ ಸೋರಿದ ದ್ರವವೂ ಇರಬಹುದು.

ಅಡುಗೆಮನೆ ನೆಲದ ಮೇಲೆ ಟವೆಲ್ ಹಾಸಿ ಟ್ರೇ ಇಡಿ. ಬೆಕ್ಕನ್ನು ಕರೆಯಬೇಡಿ. ಎರಡು ಹೆಜ್ಜೆ ದೂರ ಕೂತುಕೊಳ್ಳಿ. ಅದು ಬರುತ್ತದೆ. ಮೊದಲು ಕತ್ತು ಉದ್ದ ಮಾಡಿ ಮೂಸುತ್ತದೆ. ಕೆಲವು ಬಾಯಿ ಅರ್ಧ ತೆರೆದು, ಮೇಲ್ತುಟಿ ಸುಕ್ಕು ಮಾಡಿ ನಿಲ್ಲುತ್ತವೆ. ಅದು ಹೇಸಿಗೆಯಲ್ಲ. ಬಾಯಿಯ ಅಂಗುಳದಲ್ಲಿ ವಾಸನೆ ಹಿಡಿಯುವ ಇನ್ನೊಂದು ಅಂಗವಿದೆ, ಅದಕ್ಕೆ ವಾಸನೆ ತಲುಪಿಸುತ್ತಿರುವುದು. ಆಮೇಲೆ ಒಂದು ಪಂಜ. ಆಮೇಲೆ ಕೊಡವುವುದು. ಇಲ್ಲಿಗೇ ನಿಲ್ಲಿಸುವ ಬೆಕ್ಕುಗಳೇ ಜಾಸ್ತಿ. ಅಷ್ಟಕ್ಕೇ ಸಂತೋಷಪಡಿ.

ಆಸಕ್ತಿ ಇದೆ ಅನ್ನಿಸಿದರೆ ಅದಕ್ಕೆ ಇಷ್ಟವಾದ ಬಿರುಸು ಬಿಸ್ಕತ್ತಿನ ತುಣುಕನ್ನು ಹಿಮದಲ್ಲಿ ಅರ್ಧ ಹುದುಗಿಸಿ. ಸಾಸಿವೆ ಮೊದಲ ಸಲ ಇದನ್ನು ಮಾಡಿದಾಗ ಮೂರು ತುಣುಕು ಹುಡುಕಿದಳು. ನಾಲ್ಕನೆಯದು ಇಲ್ಲ ಅಂತ ಗೊತ್ತಾದ ಮೇಲೂ ಟ್ರೇಯ ಹಿಮವನ್ನೆಲ್ಲ ನೆಲಕ್ಕೆ ತೋಡಿ ಹಾಕಿದಳು. ನೀರಾದ ಕೂಡಲೇ ಒರೆಸಿ. ನಮ್ಮ ಕಾಲೂ ಜಾರುತ್ತದೆ.

ಹತ್ತು ನಿಮಿಷ ಸಾಕು. ಅಂಗಾಲಿನ ಮೆತ್ತೆ ತುಂಬಾ ಸೂಕ್ಷ್ಮ.

ಹೊರಗೆ ಹೋಗುತ್ತೇನೆ ಅಂದರೆ

ಟ್ರೇಯಲ್ಲಿ ಆಡಿದ ಬೆಕ್ಕು ಬಾಗಿಲ ಹತ್ತಿರ ಹೋಗಿ ಕೂಗಿದರೆ ಮಾತ್ರ ಮುಂದಿನ ಹೆಜ್ಜೆ. ಹಾರ್ನೆಸ್ ಇಲ್ಲದೆ ಬಾಗಿಲು ತೆರೆಯಬೇಡಿ. ಕತ್ತಿನ ಪಟ್ಟಿಗೆ ಹಗ್ಗ ಕಟ್ಟುವುದು ತಪ್ಪು, ಗಾಬರಿಯಾದರೆ ಉಸಿರು ಕಟ್ಟುತ್ತದೆ, ಇಲ್ಲವೇ ತಲೆ ನುಸುಳಿಸಿ ಓಡುತ್ತದೆ. ಎದೆಗೂ ಕತ್ತಿಗೂ ಸೇರಿ ಬರುವ ಹಾರ್ನೆಸ್ ತಂದು, ಸ್ನೋ ಬೀಳುವ ವಾರಗಳ ಮುಂಚೆಯೇ ಮನೆಯೊಳಗೆ ಹಾಕಿ ರೂಢಿ ಮಾಡಿಸಿ. ಪಟ್ಟಿಯ ಕೆಳಗೆ ನಿಮ್ಮ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು, ಅಷ್ಟೇ.

ಡೆಕ್‌ನಲ್ಲಿ ಒಂದು ಮೊಳ ಅಗಲ ಹಿಮ ಸರಿಸಿ ನೆಲ ಕಾಣುವ ಹಾಗೆ ಮಾಡಿ. ಬೆಕ್ಕಿಗೆ ನಿಲ್ಲಲು ಗಟ್ಟಿ ಜಾಗ, ಪಕ್ಕದಲ್ಲೇ ಹಿಮ. ಬಾಗಿಲು ಅದರ ಬೆನ್ನ ಹಿಂದೆ ತೆರೆದೇ ಇರಲಿ. ವಾಪಸ್ ಹೋಗುವ ದಾರಿ ಕಾಣುತ್ತಿದ್ದರೆ ಬೆಕ್ಕಿಗೆ ಧೈರ್ಯ. ಹೀಟರ್ ಬಿಸಿ ಸ್ವಲ್ಪ ಹೊರಗೆ ಹೋಗುತ್ತದೆ, ಹೋಗಲಿ ಬಿಡಿ.

ಒಮ್ಮೆ ಸಾಸಿವೆ ಹೀಗೆ ನಿಂತವಳು ಇದ್ದಕ್ಕಿದ್ದ ಹಾಗೆ ಕಲ್ಲಾದಳು. ತಲೆ ಒಂದು ಕಡೆ ವಾಲಿಸಿ, ಎರಡೂ ಕಿವಿಯನ್ನು ಹಿಮದ ಒಂದೇ ಜಾಗಕ್ಕೆ ತಿರುಗಿಸಿದಳು. ನನಗೆ ಏನೂ ಕೇಳಿಸಲಿಲ್ಲ. ಅರ್ಧ ನಿಮಿಷದ ಮೇಲೆ ಹಿಂಗಾಲು ಅಲುಗಾಡಿಸಿ, ಮೇಲಕ್ಕೆ ನೆಗೆದು, ಮೂತಿ ಮುಂದಾಗಿ ಹಿಮದೊಳಗೆ ಬಿದ್ದಳು. ಇಲಿ ಸಿಗಲಿಲ್ಲ. ಆದರೆ ಹಿಮ ಕೆದರಿ ನೋಡಿದಾಗ ಅಡಿಯಲ್ಲಿ ಬೆರಳು ದಪ್ಪದ ಸುರಂಗ ಇತ್ತು!

ಎಷ್ಟು ಚಳಿಯವರೆಗೆ ಬಿಡಬಹುದು? ನಮ್ಮ ಮನೆಯ ಲೆಕ್ಕ ಹೀಗಿದೆ: ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ, ಗಾಳಿ ಇಲ್ಲದಿದ್ದರೆ, ಐದು ನಿಮಿಷ. ಮೈನಸ್ ಐದಕ್ಕಿಂತ ಇಳಿದರೆ ಬಾಗಿಲು ತೆರೆಯುವುದಿಲ್ಲ, ಎಷ್ಟೇ ಕೂಗಲಿ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ದಿನ ನಮ್ಮ ಚರ್ಮವೇ ಕೆಲವು ನಿಮಿಷಕ್ಕೆ ಮರಗಟ್ಟುತ್ತದೆ. ಬೆಕ್ಕಿನ ಕಿವಿ ತುದಿ ಎಷ್ಟು ತೆಳ್ಳಗಿದೆ ಅಂತ ಬೆಳಕಿಗೆ ಹಿಡಿದು ನೋಡಿ, ರಕ್ತನಾಳ ಕಾಣುತ್ತದೆ. ಕಾಲು ಒಂದೊಂದಾಗಿ ಎತ್ತಿ ನಿಲ್ಲುವುದು, ನಡುಗುವುದು, ಮೈ ಮುದುಡುವುದು, ಇದರಲ್ಲಿ ಒಂದು ಕಂಡರೂ ಒಳಗೆ.

ಸ್ವೆಟರ್ ಹಾಕಲಾ ಅಂತ ಕೇಳುತ್ತಾರೆ. ಕೂದಲಿಲ್ಲದ ಸ್ಫಿಂಕ್ಸ್ ತಳಿಗೆ ಸರಿ. ಬೇರೆ ಬೆಕ್ಕುಗಳು ಸ್ವೆಟರ್ ಹಾಕಿದರೆ ನಡೆಯುವುದನ್ನೇ ಮರೆತು ಪಕ್ಕಕ್ಕೆ ವಾಲುತ್ತವೆ. ನನಗೆ ನೋಡಲು ಕಷ್ಟವಾಗುತ್ತದೆ. ಬೇಡ.

ಒಳಗೆ ಬಂದ ಮೇಲೆ: ಪಾದ, ಪಾದ, ಪಾದ

ಈ ಭಾಗವನ್ನು ದಯವಿಟ್ಟು ಓಡಿಸಿಕೊಂಡು ಓದಬೇಡಿ.

ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನಾಲ್ಕೂ ಪಾದ ಒರೆಸಿ. ಬೆರಳ ಸಂದಿಗೂ ಹೋಗಿ. ಅಲ್ಲಿ ಹಿಮ ಉಂಡೆ ಕಟ್ಟಿರುತ್ತದೆ, ಕೀಳಬೇಡಿ, ಬೆಚ್ಚಗೆ ಹಿಡಿದು ಕರಗಿಸಿ. ಹೊಟ್ಟೆಯನ್ನೂ ಒರೆಸಿ. ಒದ್ದೆ ಕೂದಲು ಮೈ ಬಿಸಿಯನ್ನು ಹಿಡಿದಿಡುವುದಿಲ್ಲ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಬೆಕ್ಕು ಪಾದ ನೆಕ್ಕಿಕೊಳ್ಳುವ ಪ್ರಾಣಿ. ಪಾದಕ್ಕೆ ಏನು ಅಂಟಿದರೂ ಅದು ಹೊಟ್ಟೆಗೆ ಹೋಗುತ್ತದೆ. ಐಸ್ ಕರಗಿಸಲು ಹಾಕುವ ಉಪ್ಪು ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್, ಹೀಗೆ ಬೇರೆ ಬೇರೆ ಇರುತ್ತದೆ. ನೆಕ್ಕಿದರೆ ಜೊಲ್ಲು, ವಾಂತಿ. ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಸೇರಿದರೆ ಬಿಸಿಯಾಗುತ್ತದೆ, ಅಂಗಾಲು ಸುಡಬಹುದು. ನಿಮ್ಮ ಮೆಟ್ಟಿಲಿಗೆ ಬರೀ ಮರಳು ಹಾಕಿದರೂ ಕಾಲು ಜಾರುವುದಿಲ್ಲ. ಬೆಕ್ಕು ಹೊರಗೆ ಹೋಗದಿದ್ದರೂ ನಿಮ್ಮ ಬೂಟಿನಲ್ಲಿ ಉಪ್ಪು ಒಳಗೆ ಬರುತ್ತದೆ. ಬೂಟು ಬಾಗಿಲಲ್ಲೇ ಬಿಡುವ ನಮ್ಮ ಅಭ್ಯಾಸ ಇಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ.

ಉಪ್ಪಿಗಿಂತ ಎಷ್ಟೋ ಪಾಲು ಅಪಾಯ ಆಂಟಿಫ್ರೀಜ್. ಕಾರಿನ ರೇಡಿಯೇಟರಿಗೆ ಹಾಕುವ ದ್ರವ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಒಂದು ಟೀ ಚಮಚದಷ್ಟು ಒಳಗೆ ಹೋದರೂ ಬೆಕ್ಕು ಸಾಯಬಹುದು. ಅದು ಸಿಹಿ ಅಂತಾರೆ, ಆದರೆ ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ. ರುಚಿಗೆ ಆಸೆಪಡದಿದ್ದರೂ ಪಾದ ನೆಕ್ಕುವಾಗ ಒಳಗೆ ಹೋಗುತ್ತದೆ. ಕುಡಿದವರ ಹಾಗೆ ತೂರಾಡುವುದು, ವಾಂತಿ, ಮಂಕು, ಇವು ಮೊದಲ ಲಕ್ಷಣ. ಮೂರು ಗಂಟೆಯೊಳಗೆ ಚಿಕಿತ್ಸೆ ಶುರುವಾದರೆ ಉಳಿಯುವ ಆಸೆ ಇರುತ್ತದೆ, ತಡವಾದರೆ ಕಿಡ್ನಿ ಹೋಗುತ್ತದೆ. 'ಬೆಳಿಗ್ಗೆ ನೋಡೋಣ' ಅನ್ನಬೇಡಿ. ಅಮೆರಿಕದಲ್ಲಿರುವವರು ಎಎಸ್‌ಪಿಸಿಎ ಪ್ರಾಣಿ ವಿಷ ಸಹಾಯವಾಣಿಯ ನಂಬರನ್ನು ಫ್ರಿಜ್ ಮೇಲೆ ಅಂಟಿಸಿಡಿ: 888-426-4435. ಹಗಲು ರಾತ್ರಿ ಎತ್ತುತ್ತಾರೆ. ಶುಲ್ಕ ಕೇಳಬಹುದು, ಕೊಡಿ.

ಕಿವಿ ತುದಿ, ಬಾಲದ ತುದಿ, ಬೆರಳು ಬಿಳಿಚಿಯೋ ಬೂದಿಯಾಗಿಯೋ ಕಂಡು, ಮುಟ್ಟಿದರೆ ಐಸಿನಂತಿದ್ದರೆ ಅದು ಹಿಮಕಡಿತ. ಉಜ್ಜಬಾರದು. ಹೇರ್ ಡ್ರೈಯರ್ ಹಿಡಿಯಬಾರದು. ಬೆಚ್ಚಗಿನ, ಬಿಸಿಯಲ್ಲದ, ಒದ್ದೆ ಬಟ್ಟೆಯನ್ನು ಮೆಲ್ಲಗೆ ಇಟ್ಟು ಪ್ರಾಣಿ ವೈದ್ಯರ ಹತ್ತಿರ ಹೊರಡಿ. ಮೈಯೆಲ್ಲ ತಣ್ಣಗಾಗಿ ನಡುಗುತ್ತಿದ್ದರೆ ಕಂಬಳಿ ಸುತ್ತಿ, ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದಲ್ಲಿಡಿ. ಇಲ್ಲಿ ಒಂದು ಮಾತು: ನಡುಕ ನಿಂತಿತು ಅಂತ ಸಮಾಧಾನಪಡಬೇಡಿ. ಬೆಕ್ಕು ಚುರುಕಾಗದೆ ನಡುಕ ಮಾತ್ರ ನಿಂತಿದ್ದರೆ ಪರಿಸ್ಥಿತಿ ಕೆಟ್ಟಿದೆ ಅಂತಲೇ ಅರ್ಥ.

ನಮ್ಮ ಮನೆಮದ್ದುಗಳನ್ನು ಬೆಕ್ಕಿನ ಮೇಲೆ ಪ್ರಯೋಗಿಸಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ವಿಕ್ಸ್, ಅಮೃತಾಂಜನ, ಕರ್ಪೂರ ಹಾಕಿದ ಎಣ್ಣೆ, ನೀಲಗಿರಿ ಎಣ್ಣೆ ಹಚ್ಚಬೇಡಿ. ಬೆಕ್ಕಿನ ಲಿವರ್‌ಗೆ ಇವನ್ನು ಅರಗಿಸುವ ಶಕ್ತಿ ಕಡಿಮೆ. ಪ್ಯಾರಾಸಿಟಮಾಲ್ ಅಂತೂ ಅರ್ಧ ಮಾತ್ರೆಯೂ ಜೀವ ತೆಗೆಯಬಹುದು.

ಮಧ್ಯಾಹ್ನ, ಸಂಜೆ

ಹಿಮದ ದಿನ ಬೆಕ್ಕು ಎರಡು ಥರ. ಒಂದೋ ಹದಿನೆಂಟು ಗಂಟೆ ನಿದ್ದೆ, ಇಲ್ಲವೋ ಅಂಡು ಸುಟ್ಟ ಬೆಕ್ಕು ಅಂತಾರಲ್ಲ, ಹಾಗೇ ಮನೆ ತುಂಬ ಓಟ. ಮಕ್ಕಳು ಶಾಲೆಗೆ ಹೋಗಿಲ್ಲ, ನೀವೂ ಆಫೀಸಿಗೆ ಹೋಗಿಲ್ಲ, ಅದರ ದಿನಚರಿಯೇ ಹೋಯಿತು. ಊಟದ ಹೊತ್ತನ್ನು ಮಾತ್ರ ಬದಲಾಯಿಸಬೇಡಿ. ಊಟಕ್ಕೆ ಮುಂಚೆ ಹತ್ತು ನಿಮಿಷ ದಾರ ಕಟ್ಟಿದ ಕೋಲಿನಲ್ಲಿ ಆಡಿಸಿ, ಆಮೇಲೆ ತಿನ್ನಿಸಿದರೆ ತಾನೇ ಮಲಗುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಮನೆಯೊಳಗಿನ ಬೆಕ್ಕಿಗೆ ಚಳಿ ಅಂತ ಜಾಸ್ತಿ ತಿನ್ನಿಸುವ ಅಗತ್ಯವಿಲ್ಲ.

ನೀರಿನ ಕಡೆ ಗಮನ ಬೇಕು. ಹೀಟರ್ ಓಡುವ ಮನೆಯ ಗಾಳಿ ಹಪ್ಪಳದ ಹಾಗೆ ಒಣಗಿರುತ್ತದೆ. ಬೆಕ್ಕು ಮೊದಲೇ ನೀರು ಕಡಿಮೆ ಕುಡಿಯುವ ಪ್ರಾಣಿ. ಡಬ್ಬಿಯ ಒದ್ದೆ ಆಹಾರಕ್ಕೆ ಎರಡು ಚಮಚ ಬೆಚ್ಚಗಿನ ನೀರು ಕಲಸಿ ಕೊಡಿ. ಗಂಡು ಬೆಕ್ಕು ಪದೇ ಪದೇ ಲಿಟರ್ ಬಾಕ್ಸಿಗೆ ಹೋಗಿ ತಿಣುಕುತ್ತಾ, ಮೂತ್ರ ಬಾರದೆ ಕೂಗುತ್ತಿದ್ದರೆ ಎಷ್ಟೇ ಸ್ನೋ ಇರಲಿ, ಆಸ್ಪತ್ರೆಗೆ ಹೊರಡಲೇಬೇಕು. ಅದು ಗಂಟೆಗಳ ಲೆಕ್ಕದ ತೊಂದರೆ.

ಒಣ ಗಾಳಿಯ ಇನ್ನೊಂದು ಕಾಟ ಕರೆಂಟ್ ಹೊಡೆಯುವುದು. ಪ್ರೀತಿಯಿಂದ ಮೂಗು ಮುಟ್ಟಲು ಹೋದರೆ 'ಚಟ್' ಅನ್ನುತ್ತದೆ, ಬೆಕ್ಕು ನಿಮ್ಮನ್ನೇ ದೂರುತ್ತದೆ. ಮೊದಲು ಬಾಗಿಲ ಹಿಡಿ ಥರದ ಲೋಹ ಮುಟ್ಟಿ, ಆಮೇಲೆ ಬೆಕ್ಕನ್ನು ಮುಟ್ಟಿ. ಹ್ಯೂಮಿಡಿಫೈಯರ್ ಇಟ್ಟು ತೇವಾಂಶ 30ರಿಂದ 40 ಪರ್ಸೆಂಟ್ ಇರುವ ಹಾಗೆ ನೋಡಿಕೊಂಡರೆ ಬಹಳ ಮಟ್ಟಿಗೆ ನಿಲ್ಲುತ್ತದೆ.

ಸ್ಪೇಸ್ ಹೀಟರ್ ಸುತ್ತ ಮೂರು ಅಡಿ ಏನೂ ಇರಬಾರದು. ನೀವು ರೂಮಿನಲ್ಲಿ ಇಲ್ಲದಾಗ ಆಫ್ ಮಾಡಿ.

ಓಡಿಹೋದರೆ

ಸ್ನೋ ಎತ್ತುವ ದಿನ ಬಾಗಿಲು ಇಪ್ಪತ್ತು ಸಲ ತೆರೆಯುತ್ತದೆ. ಬೆಕ್ಕು ನುಸುಳುವುದು ಆಗಲೇ. ಶವಲ್ ಹಿಡಿದು ಹೊರಡುವ ಮುಂಚೆ ಬೆಕ್ಕನ್ನು ಒಂದು ರೂಮಿನಲ್ಲಿ ಬಿಟ್ಟು ಬಾಗಿಲು ಹಾಕಿ.

ಆದರೂ ಓಡಿತು ಅನ್ನಿ. ಹಿಂದೆ ಓಡಬೇಡಿ, ಬೆದರಿ ಇನ್ನೂ ದೂರ ಹೋಗುತ್ತದೆ. ಮನೆ ಬೆಕ್ಕು ಸಾಮಾನ್ಯವಾಗಿ ದೂರ ಹೋಗುವುದಿಲ್ಲ, ಹತ್ತಿರದ ಕತ್ತಲ ಮೂಲೆ ಹುಡುಕುತ್ತದೆ. ಡೆಕ್ ಅಡಿ, ಪೊದೆ ಬುಡ, ಪಕ್ಕದ ಮನೆ ಗರಾಜು, ಮೊದಲು ಇಲ್ಲಿ ನೋಡಿ. ಅದರ ಹಾಸಿಗೆ, ಘಮ್ಮೆನ್ನುವ ಆಹಾರ ಬಾಗಿಲಲ್ಲಿಡಿ. ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುತ್ತದೆ.

ಹಿಮದಿಂದ ಒಂದು ಅನುಕೂಲವೂ ಇದೆ, ಹೆಜ್ಜೆ ಗುರುತು. ಬೆಕ್ಕಿನ ಹೆಜ್ಜೆ ದುಂಡಗಿರುತ್ತದೆ, ಉಗುರಿನ ಗುರುತು ಬೀಳುವುದಿಲ್ಲ, ಯಾಕೆಂದರೆ ನಡೆಯುವಾಗ ಉಗುರು ಒಳಗಿರುತ್ತದೆ. ನಾಯಿಯ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ. ಬೆಕ್ಕು ಮುಂಗಾಲು ಇಟ್ಟ ಗುಂಡಿಯಲ್ಲೇ ಹಿಂಗಾಲನ್ನೂ ಇಡುತ್ತದೆ, ಹಾಗಾಗಿ ಎರಡೇ ಕಾಲಿನ ಪ್ರಾಣಿ ನಡೆದು ಹೋದಂತೆ ಒಂದೇ ಸಾಲು. ನೆರೆಯವರು ಶವಲ್ ಮಾಡಿ ಅಳಿಸುವ ಮುಂಚೆ ಆ ಸಾಲು ಹಿಡಿದು ಹೋಗಿ.

ಹೊರಗೇ ಇರುವ ಬೆಕ್ಕುಗಳಿಗೆ

ಯಾರೂ ಇಲ್ಲದ ಬೆಕ್ಕುಗಳು ಹಿಮದ ರಾತ್ರಿ ಕಾರಿನ ಎಂಜಿನ್ ಬಿಸಿಗೆ ಬಾನೆಟ್ ಒಳಗೆ ಸೇರುತ್ತವೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ, ಹಾರ್ನ್ ಮಾಡಿ, ಒಂದು ನಿಮಿಷ ಕಾಯಿರಿ.

ಕೈಲಾದವರು ಒಂದು ಗೂಡು ಮಾಡಿ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ, ಒಳಗೋಡೆಗೆ ಥರ್ಮೋಕೋಲ್ ಹಲಗೆ, ಆರು ಇಂಚಿನ ಒಂದೇ ಬಾಗಿಲು, ಕೆಳಗೆ ಎರಡು ಇಟ್ಟಿಗೆ. ಬಾಗಿಲು ಗಾಳಿ ಬೀಸುವ ಕಡೆಗೆ ಇರಬಾರದು. ಒಳಗೆ ಕಂಬಳಿ ಹಾಕಬೇಡಿ, ಒದ್ದೆಯಾಗಿ ಹೆಪ್ಪುಗಟ್ಟುತ್ತದೆ. ಮೇವಿಗೆ ಒಣಗಿಸಿದ ಹುಲ್ಲೂ ಬೇಡ, ಅದೂ ತೇವ ಹೀರುತ್ತದೆ. ಕಾಳು ಬಡಿದ ಮೇಲೆ ಉಳಿಯುವ ಗೋಧಿಯ ಒಣ ಕಡ್ಡಿ ಹುಲ್ಲೇ ಬೇಕು. ಊರಿನಲ್ಲಿ ಭತ್ತದ ಹುಲ್ಲಿನ ಬಣವೆಯೊಳಗೆ ಬೆಕ್ಕು ಮರಿ ಹಾಕುವುದನ್ನು ನೋಡಿದವರಿಗೆ ಅದರ ಬೆಚ್ಚಗೆ ಗೊತ್ತಿರುತ್ತದೆ. ಇವುಗಳಿಗೆ ಮಾತ್ರ ಚಳಿಗಾಲದಲ್ಲಿ ಊಟ ಜಾಸ್ತಿ ಬೇಕು. ನೀರು ಹೆಪ್ಪುಗಟ್ಟುತ್ತದೆ, ಆಳವಾದ ಬಟ್ಟಲಿನಲ್ಲಿ ದಿನಕ್ಕೆರಡು ಸಲ ಬದಲಾಯಿಸಿ.

ನಮ್ಮ ಡೆಕ್ ಪಕ್ಕದ ಗೂಡಿಗೆ ಒಂದು ಕೆಂಚ ಬೆಕ್ಕು ಬರುತ್ತದೆ. ನಾನು ಅದನ್ನು ಸರಿಯಾಗಿ ನೋಡಿದ್ದು ಎರಡೇ ಸಲ. ಬೆಳಿಗ್ಗೆ ಹೊಸ ಹಿಮದ ಮೇಲೆ ಬೇಲಿಯಿಂದ ಗೂಡಿನವರೆಗೆ ದುಂಡಗಿನ ಹೆಜ್ಜೆಗಳ ಒಂದು ಸಾಲು ಇರುತ್ತದೆ. ವಾಪಸ್ ಹೋದ ಸಾಲು ಇನ್ನೂ ಇಲ್ಲದಿದ್ದರೆ ನಾನು ಆ ಕಡೆ ಶವಲ್ ಮಾಡುವುದಿಲ್ಲ.